ಚಾಳೀಸಿನ ಕಣ್ಣು, ಗಣಕಯಂತ್ರದ ಕಾಯಕ

ನಮ್ಮ ಉತ್ತರ ಕರ್ನಾಟಕದ ಹಿರಿಯರು ಕನ್ನಡಕವನ್ನು 'ಚಾಳೀಸು' ಎಂದು ಕರೆಯುವುದುಂಟು. ಚಾಳೀಸು ಎಂದರೆ ನಲವತ್ತು. ನಲವತ್ತು ತುಂಬುವ ಹೊತ್ತಿಗೆ ಹತ್ತಿರದ ಅಕ್ಷರ ಮಸುಕಾಗುತ್ತದೆ ಎಂಬ ಲೋಕಾನುಭವವು ಆ ಒಂದೇ ಪದದಲ್ಲಿ ಅಡಗಿದೆ. ವೈದ್ಯಶಾಸ್ತ್ರದ ಮಾತೂ ಇದಕ್ಕಿಂತ ಬೇರೆಯಲ್ಲ. ಕಣ್ಣಿನೊಳಗಿನ ಸಹಜ ಮಸೂರವು ಎಳೆವಯಸ್ಸಿನಲ್ಲಿ ಮೃದುವಾಗಿದ್ದು, ನೋಡುವ ವಸ್ತು ಸಮೀಪಿಸಿದಂತೆ ತಾನೇ ಉಬ್ಬಿ ಬಿಂಬವನ್ನು ಸ್ಪಷ್ಟಗೊಳಿಸುತ್ತದೆ. ವಯಸ್ಸು ಏರಿದಂತೆ ಅದು ಗಡಸಾಗಿ ಆ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಇದು ರೋಗವಲ್ಲ, ದೇಹಧರ್ಮ.

ನಮ್ಮ ಅಜ್ಜಂದಿರ ಕಣ್ಣಿಗೆ ಮುಖ್ಯವಾಗಿ ಎರಡು ದೂರಗಳ ಕೆಲಸವಿತ್ತು: ಒಂದು ದಾರಿ, ಇನ್ನೊಂದು ಪುಸ್ತಕ. ಮೇಲೆ ದೂರಕ್ಕೆ, ಕೆಳಗೆ ಓದಿಗೆ ಎಂದು ಎರಡು ಭಾಗ ಮಾಡಿದ ಕನ್ನಡಕ ಅವರಿಗೆ ಸಾಲುತ್ತಿತ್ತು. ಗಣಕಯಂತ್ರವು ಈ ಎರಡರ ನಡುವೆ ಮೂರನೆಯದೊಂದು ದೂರವನ್ನು ತಂದಿಟ್ಟಿತು. ಪುಸ್ತಕವನ್ನು ನಾವು ಸುಮಾರು 40 ಸೆಂಟಿಮೀಟರ್ ದೂರದಲ್ಲಿ, ದೃಷ್ಟಿಯನ್ನು ಕೆಳಗಿಳಿಸಿ ಓದುತ್ತೇವೆ. ಮೇಜಿನ ಮೇಲಿನ ಪರದೆಯಾದರೋ 60-65 ಸೆಂಟಿಮೀಟರ್ ಆಚೆ, ಮುಖಕ್ಕೆ ನೇರವಾಗಿ ನಿಂತಿರುತ್ತದೆ. ಮಸೂರದ ಲೆಕ್ಕದಲ್ಲಿ ಮೊದಲನೆಯದಕ್ಕೆ 2.5 ಡಯಾಪ್ಟರ್ ಶಕ್ತಿ ಬೇಕಾದರೆ ಎರಡನೆಯದಕ್ಕೆ ಸುಮಾರು 1.5 ಸಾಕು. ಒಂದು ಡಯಾಪ್ಟರಿನ ಈ ಅಂತರ ಅಲ್ಪವೆಂದು ತೋರಬಹುದು. ಆದರೆ ಎಂಟು ಗಂಟೆಗಳ ದುಡಿಮೆಯಲ್ಲಿ ಅದು ಅಲ್ಪವಲ್ಲ.

ಅರವತ್ತರ ಸಮೀಪದ ಒಬ್ಬ ಲೆಕ್ಕಿಗನನ್ನು ಕಲ್ಪಿಸಿಕೊಳ್ಳಿ. ಕನ್ನಡಕದ ಮೇಲ್ಭಾಗದಿಂದ ನೋಡಿದರೆ ಪರದೆ ಮಸುಕು. ಕೆಳಭಾಗದಿಂದ ನೋಡಬೇಕೆಂದರೆ ಗದ್ದವನ್ನು ಮೇಲಕ್ಕೆತ್ತಿ, ಮುಖವನ್ನು ಪರದೆಯತ್ತ ಚಾಚಬೇಕು. ದಿನವಿಡೀ ಹಾಗೆ ಕುಳಿತವನ ಕತ್ತು ಸಂಜೆಗೆ ಸೆಟೆದು ನಿಲ್ಲುತ್ತದೆ, ಹಣೆ ನೋಯುತ್ತದೆ. ಅವನು ಕತ್ತಿಗೆ ಎಣ್ಣೆ ತಿಕ್ಕಿಸಿಕೊಳ್ಳುತ್ತಾನೆ, ದಿಂಬು ಬದಲಿಸುತ್ತಾನೆ, ವಯಸ್ಸನ್ನು ಹಳಿಯುತ್ತಾನೆ. ಮೂಗಿನ ಮೇಲೆ ಕುಳಿತಿರುವ ವಸ್ತುವಿನ ಮೇಲೆ ಮಾತ್ರ ಅವನಿಗೆ ಸಂಶಯ ಬರುವುದಿಲ್ಲ, ಏಕೆಂದರೆ ಅದು ಪತ್ರಿಕೆ ಓದುವಾಗ ಚೆನ್ನಾಗಿಯೇ ಇದೆ! ಸರಿಯಾದ ಕನ್ನಡಕವೇ ಬೇರೊಂದು ದೂರಕ್ಕೆ ತಪ್ಪಾದ ಕನ್ನಡಕವಾಗಬಲ್ಲುದು ಎಂಬ ಈ ಸರಳ ಸಂಗತಿ ವಿದ್ಯಾವಂತರ ಮನೆಗಳಲ್ಲಿಯೂ ತಿಳಿದಿಲ್ಲ.

ಇದು ಮುದುಕರ ಮಾತಷ್ಟೇ ಎಂದು ತರುಣರು ಪುಟ ತಿರುವಬಾರದು. ಅಮೆರಿಕದ ಬರ್ಮಿಂಗ್‌ಹ್ಯಾಮಿನಲ್ಲಿರುವ ಅಲಬಾಮಾ ವಿಶ್ವವಿದ್ಯಾಲಯದ ನೇತ್ರತಜ್ಞರು 2004ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಎಳೆಯ ಪ್ರಾಯದವರಿಗೆ ಬೇಕೆಂದೇ ತುಸು ತಪ್ಪಾದ ಮಸೂರಗಳನ್ನು ತೊಡಿಸಿ ಗಣಕಯಂತ್ರದ ಮುಂದೆ ಕೆಲಸ ಮಾಡಿಸಿದರು. ನಮ್ಮ ಕನ್ನಡಕದ ಚೀಟಿಯಲ್ಲಿ 'ಸಿಲಿಂಡರ್' ಎಂದು ಬರೆದಿರುತ್ತದಲ್ಲ, ಆ ಬಗೆಯ ದೋಷ 2 ಡಯಾಪ್ಟರಿನಷ್ಟಿದ್ದಾಗ ಕೆಲಸಕ್ಕೆ ತಗಲುವ ಕಾಲದಲ್ಲಿ ನೂರಕ್ಕೆ 28ರವರೆಗೂ, ನಿಖರತೆಯಲ್ಲಿ 38ರವರೆಗೂ ವ್ಯತ್ಯಾಸ ಕಂಡುಬಂದಿತು. ಎಲ್ಲ ಕೆಲಸಗಳಲ್ಲಿಯೂ ಅಷ್ಟೇ ನಷ್ಟವಾಗುತ್ತದೆಂದಲ್ಲ. ಕೆಲವಕ್ಕೆ ಕಡಿಮೆ, ಕೆಲವಕ್ಕೆ ಹೆಚ್ಚು.

ಈ ಸಿಲಿಂಡರ್ ದೋಷವಿರುವ ಕಣ್ಣಿಗೆ ಒಂದು ದಿಕ್ಕಿನ ಗೆರೆ ಸ್ಪಷ್ಟ, ಮತ್ತೊಂದು ದಿಕ್ಕಿನ ಗೆರೆ ಕಲಸಿದಂತೆ. ನಮ್ಮ ಲಿಪಿಯನ್ನು ನೆನೆಯಿರಿ: 'ದ'ಕಾರಕ್ಕೂ 'ಧ'ಕಾರಕ್ಕೂ, 'ಪ'ಕಾರಕ್ಕೂ 'ಫ'ಕಾರಕ್ಕೂ ಇರುವ ಭೇದ ಒಂದು ಸಣ್ಣ ಗೀಟು ಮಾತ್ರ. ಒತ್ತಕ್ಷರಗಳಂತೂ ಸಾಲಿನ ಕೆಳಗೆ ಇರುವೆಗಳಂತೆ ಕುಳಿತಿರುತ್ತವೆ. ವಚನಸಂಪುಟಗಳ ಕರಡು ತಿದ್ದಿದವರಿಗೆ ಈ ಕಷ್ಟ ಗೊತ್ತು. ಆದರೆ ಕರಡಿನ ತಪ್ಪು ಎರಡನೆಯ ಮುದ್ರಣದಲ್ಲಿ ಸರಿಯಾದೀತು. ಪಹಣಿಯಲ್ಲಿ 38ನೆಯ ಸರ್ವೆ ನಂಬರು 88 ಆದರೆ? ಆ ಕುಟುಂಬದ ಯಜಮಾನನು ಒಂದು ಗೆರೆಯ ತಿದ್ದುಪಡಿಗಾಗಿ ತಾಲೂಕು ಕಚೇರಿಯ ಮೆಟ್ಟಿಲನ್ನು ಹಲವು ಸಲ ಹತ್ತಬೇಕು. ಅಂತಹ ತಪ್ಪಿಗೆ ಅಲಕ್ಷ್ಯವೇ ಕಾರಣವಿದ್ದೀತು, ಅಲ್ಲವೆನ್ನಲಾರೆ. ಆದರೆ ನೌಕರನಿಗೆ ನೋಟೀಸು ಕೊಡುವ ಮೇಲಧಿಕಾರಿ 'ಕಣ್ಣು ಪರೀಕ್ಷಿಸಿಕೊಂಡು ಎಷ್ಟು ವರ್ಷವಾಯಿತಪ್ಪಾ?' ಎಂದು ಒಮ್ಮೆಯಾದರೂ ಕೇಳಬೇಡವೆ?

ದೃಷ್ಟಿಗೂ ದುಡಿಮೆಗೂ ಇರುವ ನಂಟಿಗೆ ನಮ್ಮ ದೇಶದಲ್ಲಿಯೇ ಒಂದು ನಿದರ್ಶನವಿದೆ. ಅಸ್ಸಾಮಿನ ಚಹಾತೋಟದಲ್ಲಿ ಎಲೆ ಕೀಳುವ, ನಲವತ್ತು ದಾಟಿದ ಕಾರ್ಮಿಕರಿಗೆ ಹತ್ತಿರದ ದೃಷ್ಟಿಯ ಕನ್ನಡಕ ಕೊಟ್ಟು ನಡೆಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಕನ್ನಡಕ ಪಡೆದವರ ದುಡಿಮೆ, ಪಡೆಯದವರಿಗಿಂತ ನೂರಕ್ಕೆ ಸುಮಾರು 22ರಷ್ಟು ಹೆಚ್ಚಿತು. ಕೀಳುವ ಎಲೆಯ ತೂಕದ ಮೇಲೆ ಜೀವನ ನಡೆಸುವವರಿಗೆ ಇದೆಷ್ಟು ದೊಡ್ಡ ಮಾತು! ಕಾಯಕವನ್ನು ಕೊಂಡಾಡುವ ನಾವು ಕಾಯಕ ಮಾಡುವವರ ಕಣ್ಣನ್ನು ಮರೆತಿದ್ದೇವೆ.

ಕನ್ನಡಕ ಸರಿಯಿದ್ದೂ ಕಣ್ಣು ಉರಿಯುವುದುಂಟು. ಶಿವಯೋಗದಲ್ಲಿ ಕರಸ್ಥಲದ ಇಷ್ಟಲಿಂಗವನ್ನು ರೆಪ್ಪೆ ಮಿಟುಕಿಸದೆ ನಿರೀಕ್ಷಿಸುವ ಅಭ್ಯಾಸವಿದೆ. ಅಲ್ಲಮಪ್ರಭುವಿನ ಗುರುವಿನ ಹೆಸರೇ ಅನಿಮಿಷ. ಪರದೆಯ ಮುಂದೆ ಕುಳಿತವರು ಯಾವ ಸಾಧನೆಯೂ ಇಲ್ಲದೆ ಅರೆ ಅನಿಮಿಷರಾಗಿಬಿಡುತ್ತಾರೆ. ಸಾಮಾನ್ಯವಾಗಿ ನಿಮಿಷಕ್ಕೆ ಸುಮಾರು 15 ಸಲ ಮಿಟುಕುವ ರೆಪ್ಪೆ ಅಲ್ಲಿ ಅದರ ಅರ್ಧಕ್ಕಿಂತಲೂ ಕಡಿಮೆ ಮಿಟುಕುವುದರಿಂದ ಕಣ್ಣಿನ ತೇವ ಆರುತ್ತದೆ. ಆಗಾಗ ಎದ್ದು ದೂರದ ಮರವನ್ನೋ ಗುಡಿಯ ಕಳಸವನ್ನೋ ನೋಡುವುದು, ನೆನಪಿಟ್ಟು ರೆಪ್ಪೆ ಮುಚ್ಚಿ ತೆರೆಯುವುದು, ಬೀಸಣಿಗೆಯ ಗಾಳಿ ನೇರ ಮುಖಕ್ಕೆ ಬಡಿಯದಂತೆ ಕೂಡುವುದು ಇದಕ್ಕೆ ಉಪಾಯ. ನೀಲಿ ಬೆಳಕನ್ನು ತಡೆಯುವ ಲೇಪನವೆಂದು ಅಂಗಡಿಗಳಲ್ಲಿ ಹೆಚ್ಚಿನ ಹಣ ಕೇಳುತ್ತಾರೆ. ಕೊಕ್ರೇನ್ ಸಂಸ್ಥೆಯು 17 ಪ್ರಯೋಗಗಳನ್ನು ಪರಿಶೀಲಿಸಿ 2023ರಲ್ಲಿ ಹೊರತಂದ ವರದಿಯ ಪ್ರಕಾರ, ಅಂತಹ ಮಸೂರದಿಂದ ಕಣ್ಣಿನ ಆಯಾಸ ಅಲ್ಪಾವಧಿಯಲ್ಲಿ ಕಡಿಮೆಯಾಗುವ ಸಂಭವವಿಲ್ಲ. ಆ ಹಣವನ್ನು ಸರಿಯಾದ ಪರೀಕ್ಷೆಗೆ ವ್ಯಯಿಸುವುದು ಲೇಸು.

ಮದುವೆಗೆ ಬಂದ ಮಗಳ ವಿಷಯದಲ್ಲಿ ಒಂದು ಮಾತು ಹೇಳದೆ ಇರಲಾರೆ. ವರನ ಕಡೆಯವರು ಬರುವ ದಿನ 'ಕನ್ನಡಕ ತೆಗೆದಿಡವ್ವಾ' ಎನ್ನುವ ತಾಯಂದಿರು ಈಗಲೂ ಇದ್ದಾರೆ. ಒಂದು ದಿನದ ಮರೆ ಮುಂದೆ ಗಂಡನ ಮನೆಯಲ್ಲಿ ವರ್ಷಗಳ ಮರೆಯಾಗುತ್ತದೆ. ಕಚೇರಿಯಲ್ಲಿ ಹಾಕಿಕೊಳ್ಳಲು ಸಂಕೋಚ, ಮನೆಯಲ್ಲಿ ಹಾಕಿಕೊಳ್ಳಲು ಭಯ. ಉಳಿಯುವುದು ತಲೆನೋವು, 'ಸೊಸೆ ಸದಾ ಸಿಡುಕುತ್ತಾಳೆ' ಎಂಬ ಅಪವಾದ. ದೃಷ್ಟಿದೋಷವನ್ನು ಕುಲದೋಷದಂತೆ ಕಾಣುವುದು ಶರಣರ ಮನೆಗೆ ಒಪ್ಪುವುದಿಲ್ಲ.

ಇನ್ನು ಮಾಡಬೇಕಾದುದು. ನೇತ್ರ ಪರೀಕ್ಷೆಗೆ ಹೋಗುವ ಮುನ್ನ, ಎಂದಿನಂತೆ ಕುಳಿತು ಕಣ್ಣಿನಿಂದ ಪರದೆಗೆ ಇರುವ ದೂರವನ್ನು ಮನೆಯವರಿಂದ ಟೇಪು ಹಿಡಿದು ಅಳೆಯಿಸಿ, ಚೀಟಿಯಲ್ಲಿ ಬರೆದೊಯ್ಯಿರಿ. ದಿನಕ್ಕೆ ಎಷ್ಟು ಗಂಟೆ ಕೂಡುತ್ತೀರೆಂಬುದನ್ನೂ ತಿಳಿಸಿರಿ. ಕೇಳದೆ ಇದ್ದರೆ ಬಹಳ ಕಡೆ ಓದಿನ ದೂರಕ್ಕೇ ನಂಬರು ಬರೆದು ಕಳಿಸುತ್ತಾರೆ. ಮಧುಮೇಹವಿದ್ದವರು ಸಕ್ಕರೆ ಹತೋಟಿಗೆ ಬಂದು ಸ್ಥಿರವಾದ ಮೇಲೆಯೇ ಕನ್ನಡಕದ ಪರೀಕ್ಷೆ ಮಾಡಿಸುವುದು ಮೇಲು, ಏಕೆಂದರೆ ಸಕ್ಕರೆಯ ಏರಿಳಿತದೊಡನೆ ಕಣ್ಣಿನ ನಂಬರೂ ಏರಿಳಿಯುತ್ತದೆ. ಜಾತ್ರೆಯಲ್ಲಿ ಸಿಗುವ ಸಿದ್ಧ ಕನ್ನಡಕದಲ್ಲಿ ಎರಡೂ ಕಣ್ಣಿಗೆ ಒಂದೇ ನಂಬರು, ಸಿಲಿಂಡರ್ ಇರುವುದಿಲ್ಲ; ತುರ್ತಿಗೆ ಸರಿ, ದಿನದ ದುಡಿಮೆಗಲ್ಲ. ಎರಡು ಭಾಗದ ಕನ್ನಡಕವನ್ನೇ ನೆಚ್ಚಿಕೊಂಡವರು ಪರದೆಯನ್ನು ತುಸು ತಗ್ಗಿಸಿ ಇಟ್ಟುಕೊಂಡರೆ ಕತ್ತಿಗೆ ಅಷ್ಟು ಬಿಡುವು ಸಿಕ್ಕೀತು. ಪರದೆಗೆಂದೇ ಬೇರೊಂದು ಜೋಡಿ ಮಾಡಿಸುವ ಖರ್ಚಿಗೆ ಅಂಜುವವರು ಪೆಟ್ಟಿಗೆಯಲ್ಲಿರುವ ಹಳೆಯ ಚೌಕಟ್ಟನ್ನೇ ಅಂಗಡಿಗೆ ಒಯ್ಯಬಹುದು. ಅದು ಗಟ್ಟಿಯಾಗಿದ್ದರೆ ಮಸೂರದ ಬೆಲೆಯಷ್ಟೇ ತಗಲುತ್ತದೆ.