ದಂಡ್ಯನೂ ದಾಪ್ಯನೂ

ಪರರ ಹಣವನ್ನು ವಂಚಿಸಿದವನು ಸೆರೆಮನೆ ಸೇರಿದನೆಂಬ ವಾರ್ತೆಯನ್ನೋದಿ ನ್ಯಾಯವಾಯಿತೆಂದು ನಾವು ಸಮಾಧಾನಪಡುತ್ತೇವೆ. ಕಳೆದುಕೊಂಡವನ ಕೈಗೆ ಏನು ಬಂದಿತೆಂದು ವಿಚಾರಿಸುವವರು ವಿರಳ.

ಕಾನೂನು ನನ್ನ ಕ್ಷೇತ್ರವಲ್ಲ, ಶಬ್ದಗಳ ಸಹವಾಸ ಮಾತ್ರ ನನ್ನದು. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ‘ಮಿತಾಕ್ಷರಾ’ ವ್ಯಾಖ್ಯಾನವನ್ನು ಬರೆದದ್ದು ಯಾಜ್ಞವಲ್ಕ್ಯ ಸ್ಮೃತಿಗೆ. ನಂಬಿ ಇಟ್ಟ ಒಡವೆಯನ್ನು ಸ್ವೇಚ್ಛೆಯಿಂದ ಬಳಸಿಕೊಂಡವನನ್ನು ಕುರಿತು ಆ ಸ್ಮೃತಿ ಎರಡು ಪದಗಳನ್ನು ಪ್ರಯೋಗಿಸುತ್ತದೆ: ಅವನು ದಂಡ್ಯನೂ ಹೌದು, ದಾಪ್ಯನೂ ಹೌದು. ದಂಡವು ಅರಸನಿಗೆ ಸಲ್ಲತಕ್ಕದ್ದು. ದಾಪ್ಯವಾದುದು ಬಡ್ಡಿಸಹಿತ ಒಡೆಯನಿಗೆ ಹಿಂದಿರುಗತಕ್ಕದ್ದು. ಒಂದನ್ನು ತೆತ್ತ ಮಾತ್ರಕ್ಕೆ ಇನ್ನೊಂದು ತೀರದು.

ನಮ್ಮ ಕಾಲದ ಶಾಸನದಲ್ಲಿ ಇವೆರಡೂ ವಿಚಿತ್ರವಾಗಿ ಹೆಣೆದುಕೊಂಡಿವೆ. 1973ರ ದಂಡ ಪ್ರಕ್ರಿಯಾ ಸಂಹಿತೆಯ 357ನೆಯ ಕಲಮಿನಂತೆ, ಜುಲ್ಮಾನೆ ವಿಧಿಸಿದ್ದಾದರೆ ನೊಂದವನಿಗೆ ಪರಿಹಾರವು ಆ ಜುಲ್ಮಾನೆಯೊಳಗಿನಿಂದಲೇ ಬರಬೇಕು. ವಿಧಿಸದಿದ್ದರೆ ಮಾತ್ರ ಪ್ರತ್ಯೇಕ ಪರಿಹಾರ, ಅದಕ್ಕೆ ಮೇರೆಯೂ ಇಲ್ಲ. ಇದರ ಫಲವನ್ನು ಕೇರಳದ ಒಂದು ಚೆಕ್ ಮೊಕದ್ದಮೆಯಲ್ಲಿ ಕಾಣಬಹುದು. 20,000 ರೂಪಾಯಿಯ ಚೆಕ್ಕು ಹಣವಿಲ್ಲದೆ ಹಿಂದಿರುಗಿತ್ತು. ಮ್ಯಾಜಿಸ್ಟ್ರೇಟರು 2,000 ರೂಪಾಯಿ ಜುಲ್ಮಾನೆ ಹಾಕಿ, ಜೊತೆಗೆ 20,000 ಪರಿಹಾರವನ್ನೂ ಕೊಡಿಸಿದರು. ಜುಲ್ಮಾನೆ ಇದೆಯೆಂಬ ಕಾರಣಕ್ಕಾಗಿ ಪರಿಹಾರದ ಆಜ್ಞೆ ಹೈಕೋರ್ಟಿನಲ್ಲಿ ಬಿದ್ದುಹೋಯಿತು. 2011ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಜುಲ್ಮಾನೆಯನ್ನಾದರೂ ಏರಿಸೋಣವೆಂದರೆ, ಮೂಲ ತೀರ್ಪಿನ ಕಾಲಕ್ಕೆ ಮ್ಯಾಜಿಸ್ಟ್ರೇಟರ ಅಧಿಕಾರ 5,000ವನ್ನು ಮೀರುತ್ತಿರಲಿಲ್ಲ. ಸರ್ಕಾರದ ಎರಡು ಸಾವಿರ ಫಿರ್ಯಾದಿಯ ಇಪ್ಪತ್ತು ಸಾವಿರವನ್ನು ನುಂಗಿತು!

ಸಿವಿಲ್ ದಾವೆ ಇದೆಯಲ್ಲ ಎನ್ನುವರು. ಮಗಳ ಮದುವೆಗೆಂದು ಕೂಡಿಟ್ಟುದನ್ನು ವಂಚಕನೊಬ್ಬನಿಗೆ ಒಪ್ಪಿಸಿ ಬರಿಗೈಯಾದ ನನ್ನ ಪರಿಚಯದ ನಿವೃತ್ತ ಉಪಾಧ್ಯಾಯರೊಬ್ಬರು ಈ ಸಲಹೆಯನ್ನು ಕೇಳಿ ನಕ್ಕರು. “ಕೋರ್ಟು ಫೀಜಿಗೆ ಎಲ್ಲಿಂದ ತರಲಿ, ಸ್ವಾಮಿ?”

ಪರಿಹಾರಕ್ಕೆ ಮಿತಿಯೇ ಬೇಡವೆಂದು ನನ್ನ ವಾದವಲ್ಲ. ಅಪರಾಧಿಯ ಶಕ್ತಿಯನ್ನು ನೋಡಿ ಮೊತ್ತವನ್ನು ಗೊತ್ತುಮಾಡಬೇಕೆಂದು ಸುಪ್ರೀಂ ಕೋರ್ಟು 1988ರಲ್ಲಿ ಹೇಳಿದ್ದು ಸಮಂಜಸವೇ. ಅಸಲನ್ನು ಎಣಿಸಿಕೊಟ್ಟೊಡನೆ ರಾಜಿಯಾಗಿ ಮೊಕದ್ದಮೆಯೇ ಕರಗುವುದೂ ನನಗೆ ಒಪ್ಪಿಗೆಯಿಲ್ಲ; ಕದ್ದುದನ್ನು ಹಿಂದಿರುಗಿಸುವುದು ಋಣ, ಶಿಕ್ಷೆಯಲ್ಲ. ಎರಡಕ್ಕೂ ಬೇರೆ ಬೇರೆ ಲೆಕ್ಕವಿರಲಿ ಎಂಬುದಷ್ಟೇ ನನ್ನ ಬೇಡಿಕೆ.

2024ರ ಜುಲೈ 1ರಿಂದ ಹೊಸ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಜುಲ್ಮಾನೆಯ ಮಿತಿ 10,000ದಿಂದ 50,000ಕ್ಕೆ ಏರಿದೆ. ಆದರೆ ಹಳೆಯ 357 ಈಗ 395 ಎಂಬ ಅಂಕಿಯನ್ನು ಧರಿಸಿ, ತನ್ನ ಹಳೆಯ ಗಂಟಿನೊಡನೆಯೇ ಕುಳಿತಿದೆ.