ಸಂಜೆಯ ಚುಕ್ಕಿ

ಮಗು ಹುಟ್ಟಿದ ದಿನವೇ ಅದರ ಸ್ಮಾರಕದ ಯೋಚನೆ ಮಾಡುವ ಮನೆ ಲೋಕದಲ್ಲಿ ಎಲ್ಲಿಯಾದರೂ ಉಂಟೇ? ಮನುಷ್ಯರಲ್ಲಿ ಇರಲಾರದು, ಯಂತ್ರಗಳಲ್ಲಿ ಉಂಟು. 1960ರ ಮಾರ್ಚ್ 18ರಂದು ಇಂಗ್ಲೆಂಡಿನ ಸ್ವಿಂಡನ್ ಕಾರ್ಖಾನೆಯಲ್ಲಿ ಒಂದು ಉಗಿ ಎಂಜಿನ್ನಿಗೆ ನಾಮಕರಣವಾಯಿತು. ಬ್ರಿಟಿಷ್ ರೈಲ್ವೆಗಾಗಿ ನಿರ್ಮಾಣವಾದ ಉಗಿ ಎಂಜಿನ್ನುಗಳಲ್ಲಿ ಅದೇ ಕಟ್ಟಕಡೆಯದು. ಅದರ ಸಂಖ್ಯೆ 92220. ರೈಲ್ವೆ ನೌಕರರ ಪತ್ರಿಕೆ ನಡೆಸಿದ ಸ್ಪರ್ಧೆಯಿಂದ ಆಯ್ದ ಹೆಸರು ‘ಈವ್ನಿಂಗ್ ಸ್ಟಾರ್’; ನಮ್ಮ ಮಾತಿನಲ್ಲಿ ಸಂಜೆಯ ಚುಕ್ಕಿ. ಕೆಲಸ ಮುಗಿದ ಮೇಲೂ ಇದನ್ನು ಕಾಪಿಡಬೇಕೆಂಬ ನಿರ್ಧಾರ ಆಗಲೇ ಆಗಿತ್ತು.

ಇದು ಗೂಡ್ಸ್ ಎಂಜಿನ್ ಎಂಬುದನ್ನು ಮರೆಯಬಾರದು. ಪ್ರಯಾಣಿಕರ ಎಕ್ಸ್‌ಪ್ರೆಸ್ ಗಾಡಿಯನ್ನೆಳೆಯುವ ಎಂಜಿನ್ ಮೆರವಣಿಗೆಯ ಕುದುರೆಯಾದರೆ, ಗೂಡ್ಸ್ ಎಂಜಿನ್ ಹೊಲದ ಎತ್ತು. ಕಲ್ಲಿದ್ದಲು, ಅದಿರು, ಎಣ್ಣೆ ಎಳೆಯುವುದೇ ಅದರ ಬಾಳು. ರಾಬರ್ಟ್ ರಿಡಲ್ಸ್ ಎಂಬ ಎಂಜಿನಿಯರರ ನೇತೃತ್ವದಲ್ಲಿ ರೂಪುಗೊಂಡ ಈ ‘9ಎಫ್’ ವರ್ಗದ ಎಂಜಿನ್ನುಗಳು 1954ರಿಂದ 1960ರವರೆಗೆ 251 ತಯಾರಾದವು. ಒಂದೊಂದೂ ಸುಮಾರು 87 ಟನ್ ತೂಕ. ಅದರ ಮೇಲೆ ಟೆಂಡರಿನ ಭಾರ ಬೇರೆ. ಉಳಿದ 250ಕ್ಕೂ ಕಪ್ಪು ಬಣ್ಣವೇ ಗತಿಯಾದರೆ, ಕಡೆಯದಕ್ಕೆ ಮಾತ್ರ ಹಸಿರು ಬಣ್ಣ, ಚಿಮಣಿಯ ತುದಿಗೆ ತಾಮ್ರದ ಅಂಚು. ಎತ್ತಿಗೆ ಜರಿಯ ಜೂಲು ಹೊದಿಸಿದಂತೆ!

ಆದರೆ ಜೂಲು ಹೊದ್ದ ಎತ್ತು ನಿಂತಲ್ಲೇ ನಿಲ್ಲಲಿಲ್ಲ. 1962ರ ಸೆಪ್ಟೆಂಬರ್ 8ರಂದು, ಬಾತ್ ಮತ್ತು ಬೋರ್ನ್‌ಮತ್ ನಗರಗಳ ನಡುವಣ ಗುಡ್ಡಗಾಡಿನ ಹಾದಿಯಲ್ಲಿ ‘ಪೈನ್ಸ್ ಎಕ್ಸ್‌ಪ್ರೆಸ್’ ಕಡೆಯ ಸಲ ಓಡಿದಾಗ, ಹನ್ನೆರಡು ಬೋಗಿಗಳ ಆ ಪ್ರಯಾಣಿಕರ ಗಾಡಿಯನ್ನು ಬೇರೊಂದು ಎಂಜಿನ್ನಿನ ನೆರವಿಲ್ಲದೆ ದಿಣ್ಣೆ ಹತ್ತಿಸಿದ್ದು ಈ ಗೂಡ್ಸ್ ಎಂಜಿನ್ನೇ.

ಇಂಥ ಯಂತ್ರಕ್ಕೆ ದೊರೆತ ಆಯುಸ್ಸೆಷ್ಟು? ಬರೀ ಐದು ವರ್ಷ. ಉಗಿಯನ್ನು ಬಿಟ್ಟು ಡೀಸೆಲ್ ಮತ್ತು ವಿದ್ಯುತ್ತಿಗೆ ತಿರುಗಬೇಕೆಂಬ ಯೋಜನೆ 1955ರಲ್ಲೇ ಪ್ರಕಟವಾಗಿತ್ತು. ಆದರೂ ಹೊಸ ಉಗಿ ಎಂಜಿನ್ನುಗಳು ತಯಾರಾಗುತ್ತಲೇ ಇದ್ದವು. ದಶಕಗಳ ಕಾಲ ದುಡಿಯಬಲ್ಲ ಯಂತ್ರಗಳು ಯೌವನದಲ್ಲೇ ಗುಜರಿ ಸೇರಿದವು. 1965ರ ಮಾರ್ಚ್‌ನಲ್ಲಿ ಈವ್ನಿಂಗ್ ಸ್ಟಾರ್ ನಿವೃತ್ತಿ ಹೊಂದಿತು. 1968ರ ಆಗಸ್ಟ್ 11ರ ವಿಶೇಷ ಗಾಡಿಯೊಡನೆ ಬ್ರಿಟನ್ನಿನ ಮುಖ್ಯ ಮಾರ್ಗಗಳಲ್ಲಿ ಉಗಿಯ ದಿನಗಳೇ ಮುಗಿದವು.

ಕಡೆಗೆ ಹುಟ್ಟಿದ ಭಾಗ್ಯದಿಂದ ಒಂದು ಉಳಿಯಿತು, ಸರಿ. ಅದೇ ಅಚ್ಚಿನ ಉಳಿದ 250ರ ಪಾಡೇನು? ಅವುಗಳ ಹಿಂದೆ ಸರಕಾರದ ಅಭಯಹಸ್ತವಿರಲಿಲ್ಲ. ಆದರೂ ಎಂಟು ಬದುಕಿಕೊಂಡವು. ಕಾಡುಪ್ರಾಣಿಗಳ ಚಿತ್ರಕ್ಕೆ ಹೆಸರಾದ ಕಲಾವಿದ ಡೇವಿಡ್ ಶೆಫರ್ಡ್ 1967ರಲ್ಲಿ 92203ನ್ನು ಸ್ವಂತ ಹಣದಿಂದ ಕೊಂಡು ‘ಬ್ಲ್ಯಾಕ್ ಪ್ರಿನ್ಸ್’ ಎಂದು ಹೆಸರಿಟ್ಟರು. ಚಿತ್ರ ಮಾರಿ ಬಂದ ದುಡ್ಡು ಚಕ್ರವಾಗಿ ಉರುಳಿತು! ಮಿಕ್ಕ ಏಳು ಬದುಕಿದ್ದು ವೇಲ್ಸಿನ ಬ್ಯಾರಿ ಎಂಬಲ್ಲಿನ ಗುಜರಿ ಅಂಗಳದಲ್ಲಿ. ಅದರ ಮಾಲಿಕ ಡೈ ವುಡ್‌ಹ್ಯಾಂ ಸುಲಭದಲ್ಲಿ ಮುರಿಯಬಹುದಾದ ವ್ಯಾಗನುಗಳನ್ನು ಮೊದಲು ಮುರಿಸಿದ. ಎಂಜಿನ್ನುಗಳು ಕಡಲ ಗಾಳಿಗೆ ತುಕ್ಕು ಹಿಡಿಯುತ್ತ ಸರದಿ ಕಾದವು. ಆ ವಿಳಂಬವೇ ವರವಾಯಿತು. ಅಭಿಮಾನಿಗಳ ಸಂಘಗಳು ಚಂದಾ ಎತ್ತಿ, ರಜೆಯ ದಿನಗಳಲ್ಲಿ ಕೈ ಮಸಿಮಾಡಿಕೊಂಡು ದುಡಿದು, ಅಲ್ಲಿಗೆ ಬಂದ 297 ಎಂಜಿನ್ನುಗಳಲ್ಲಿ 213ನ್ನು ಬಿಡಿಸಿಕೊಂಡವು. ಮೊದಲನೆಯದು ಹೊರಬಿದ್ದದ್ದು 1968ರಲ್ಲಿ, ಕಡೆಯದು 1990ರಲ್ಲಿ.

ಈವ್ನಿಂಗ್ ಸ್ಟಾರ್ ಈಗ ಯಾರ್ಕ್ ನಗರದ ರಾಷ್ಟ್ರೀಯ ರೈಲ್ವೆ ಸಂಗ್ರಹಾಲಯದ ಸೊತ್ತು. ನಿವೃತ್ತಿಯ ನಂತರವೂ ಕೆಲವು ಕಾಲ ಹೊಗೆಯುಗುಳಿ ಓಡಿದ್ದುಂಟು. ಮೂರು ದಶಕಗಳಿಂದೀಚೆಗೆ ಅದರ ಒಲೆ ಉರಿದಿಲ್ಲ. ಈಗ ದುರಸ್ತಿಯಾದರೂ ಅದಕ್ಕೆ ಮುಖ್ಯ ಮಾರ್ಗದಲ್ಲಿ ಎಡೆಯಿಲ್ಲ. ಉದ್ದನೆಯ ಎಂಜಿನ್ ತಿರುವುಗಳಲ್ಲಿ ಸರಾಗವಾಗಿ ಹೊರಳಲೆಂದು ಐದು ಜೋಡಿ ಚಾಲಕ ಚಕ್ರಗಳ ಪೈಕಿ ನಡುವಿನ ಜೋಡಿಗೆ ಅಂಚಿಲ್ಲದಂತೆ ಮಾಡಿದ್ದರು. ಹಳಿಗಳು ಕೂಡುವಲ್ಲಿ ಇಂದು ಬಳಸುವ ಎತ್ತರದ ಕಾವಲು ಹಳಿಗೆ ಆ ಚಕ್ರ ತಗುಲುವ ಭಯ. ಅಂದು ಹಾದಿ ಸುಗಮಗೊಳಿಸಿದ ಜಾಣತನವೇ ಇಂದು ಹಾದಿಗೆ ಅಡ್ಡ! ಅದರ ಸೋದರರಲ್ಲಿ ಕೆಲವಕ್ಕೆ ಮಾತ್ರ ಅಭಿಮಾನಿಗಳು ನಡೆಸುವ ಕಿರುಮಾರ್ಗಗಳಲ್ಲಿ ಓಡುವ ಯೋಗ ಕೂಡಿಬಂದಿತು.

ನಮ್ಮ ಮನೆಗಳಲ್ಲಿಯೂ ಹಾಗೆಯೇ ಅಲ್ಲವೇ? ಮದುವೆಯ ರೇಷ್ಮೆಸೀರೆ ಪೆಟ್ಟಿಗೆಯಲ್ಲಿ ಭದ್ರವಾಗಿರುತ್ತದೆ. ದಿನವೂ ಹಿಟ್ಟು ಬೀಸಿದ ಕಲ್ಲು ಹಿತ್ತಿಲಿಗೆ ಬೀಳುತ್ತದೆ. ಸಮಾರಂಭ ಕಂಡ ವಸ್ತುವನ್ನು ಕಾಯುವವರು ಬಹಳ. ದುಡಿದ ವಸ್ತುವನ್ನು ಕಾಯುವವರು ವಿರಳ. ಸಂಜೆಯ ಚುಕ್ಕಿ ಬೆಳಗುತ್ತಿರಲಿ. ಆದರೆ ಹೆಸರೂ ಹಸಿರು ಬಣ್ಣವೂ ಇಲ್ಲದ ಕರಿಯ ಎಂಜಿನ್ನನ್ನು, ಅದು ದುಡಿದಿದೆ ಎಂಬ ಒಂದೇ ಕಾರಣಕ್ಕೆ ತುಕ್ಕಿನ ನಡುವಿನಿಂದ ಎತ್ತಿ ತಂದವರಿದ್ದಾರಲ್ಲ, ಅವರಿಗೆ ನಮ್ಮದೊಂದು ನಮಸ್ಕಾರ ಹೆಚ್ಚಾಗಿಯೇ ಸಲ್ಲಬೇಕು.