ಉತ್ತರ ಕೊರಿಯದ ಗುಡುಗು: ನಗುವವರಿಗೂ ನಡುಗುವವರಿಗೂ ಒಂದು ಆಕ್ಷೇಪ

ಉತ್ತರ ಕೊರಿಯದ ಸರ್ವಾಧಿಕಾರಿ ಅಣ್ವಸ್ತ್ರದ ಬೆದರಿಕೆ ಹಾಕಿದಾಗಲೆಲ್ಲ ನಮ್ಮ ಸಮಾಜದಲ್ಲಿ ಎರಡು ಬಗೆಯ ಜನರು ಕಾಣಸಿಗುತ್ತಾರೆ. ಆತನ ತಲೆಗೂದಲನ್ನೂ ಮೈಕಟ್ಟನ್ನೂ ಕುರಿತು ಹಾಸ್ಯವಾಡಿ, ‘ಹುಚ್ಚನ ಮಾತಿಗೇನು ಬೆಲೆ’ ಎಂದು ಪತ್ರಿಕೆಯನ್ನು ಮಡಿಸಿಡುವವರು ಒಂದು ಕಡೆ. ದೂರದರ್ಶನ ವಾಹಿನಿಗಳ ಕೆಂಪು ಅಕ್ಷರಗಳನ್ನು ಕಂಡು, ಮೂರನೆಯ ಮಹಾಯುದ್ಧ ನಾಳೆಯೋ ನಾಡಿದ್ದೋ ಎಂದು ನಾಲ್ಕು ಮನೆಗೆ ಭಯವನ್ನು ಹಂಚುವವರು ಇನ್ನೊಂದು ಕಡೆ. ಮೇಲ್ನೋಟಕ್ಕೆ ಇವರು ಪರಸ್ಪರ ವಿರೋಧಿಗಳು. ಆದರೆ ಇಬ್ಬರೂ ಮಾಡದೆ ಬಿಟ್ಟ ಕೆಲಸ ಒಂದೇ. ಆ ದೇಶ ಆಡಿದ ಮಾತನ್ನೂ ಮಾಡಿದ ಕೃತ್ಯವನ್ನೂ ಪಕ್ಕಪಕ್ಕದಲ್ಲಿಟ್ಟು ಇವರು ನೋಡಿಲ್ಲ.

ಮಂಡ್ಯ ಸೀಮೆಯ ರೈತನಿಗೆ ಹೀಗೆ ಇಟ್ಟು ನೋಡುವ ಅಭ್ಯಾಸವುಂಟು. ಕೊತ್ತತ್ತಿಯ ಆಸುಪಾಸಿನಲ್ಲಿ ಕಬ್ಬು ಬೆಳೆಯುವವನು ಮಳೆಗಾಲದ ಬೆಳಿಗ್ಗೆ ಪತ್ರಿಕೆ ತೆರೆದೊಡನೆ ಹುಡುಕುವುದು ಮಂತ್ರಿಗಳ ಹೇಳಿಕೆಯನ್ನಲ್ಲ. ಕನ್ನಂಬಾಡಿ ಕಟ್ಟೆಯ ನೀರು 124.80 ಅಡಿಯ ಗರಿಷ್ಠ ಮಟ್ಟಕ್ಕೆ ಎಷ್ಟು ಸಮೀಪ ಬಂದಿದೆ, ಒಳಹರಿವು ಎಷ್ಟು, ಹೊರಹರಿವು ಎಷ್ಟು ಎಂಬುದನ್ನು. ಆ ಅಂಕಿಗಳನ್ನು ನೋಡಿ ಅವನು ಹೆದರುತ್ತಾನೆ, ಇಲ್ಲವೆ ನೆಮ್ಮದಿಯಾಗಿರುತ್ತಾನೆ. ಯುದ್ಧದ ಬೆದರಿಕೆಯನ್ನೂ ಹಾಗೆಯೇ ಅಳೆಯಲು ಬರುತ್ತದೆ.

1994ರ ಮಾರ್ಚ್‌ನಲ್ಲಿ ಪಾನ್‌ಮುಂಜಮ್‌ನ ಮಾತುಕತೆಯಲ್ಲಿ ಉತ್ತರ ಕೊರಿಯದ ಪ್ರತಿನಿಧಿ, ಸಿಯೋಲ್ ನಗರ ಬೆಂಕಿಯ ಕಡಲಾಗುವುದೆಂದು ಗರ್ಜಿಸಿದನು. ಆಗಲಿಲ್ಲ. 2013ರ ಏಪ್ರಿಲ್‌ನಲ್ಲಿ ಪ್ಯೊಂಗ್‌ಯಾಂಗ್‌ನಲ್ಲಿರುವ ವಿದೇಶೀ ರಾಯಭಾರ ಕಚೇರಿಗಳಿಗೆ, 10ನೆಯ ತಾರೀಖಿನ ನಂತರ ನಿಮ್ಮ ಕ್ಷೇಮಕ್ಕೆ ನಾವು ಹೊಣೆಯಲ್ಲ ಎಂದು ತಿಳಿಸಲಾಯಿತು. ಆ ದಿನವೂ ಕಳೆಯಿತು. ನಗುವವರು ತಮ್ಮ ಪಟ್ಟಿಯನ್ನು ಇಲ್ಲಿಗೇ ಮುಗಿಸುತ್ತಾರೆ. ಆದರೆ ಪಟ್ಟಿ ಇಲ್ಲಿಗೆ ಮುಗಿಯುವುದಿಲ್ಲ. 2006ರ ಅಕ್ಟೋಬರ್ 3ರಂದು ತಾನು ಅಣುಪರೀಕ್ಷೆ ನಡೆಸುವುದಾಗಿ ಆ ದೇಶ ಸಾರಿತು. 9ರಂದು ನಡೆಸಿಯೇ ಬಿಟ್ಟಿತು. 2010ರ ನವೆಂಬರ್ 23ರ ಬೆಳಿಗ್ಗೆ, ಯೊನ್‌ಪ್ಯೊಂಗ್ ದ್ವೀಪದ ಬಳಿ ದಕ್ಷಿಣ ಕೊರಿಯ ನಡೆಸಲಿದ್ದ ಫಿರಂಗಿ ಅಭ್ಯಾಸವನ್ನು ನಿಲ್ಲಿಸಬೇಕೆಂದು ಎಚ್ಚರಿಸಿತು. ಮಧ್ಯಾಹ್ನ ಆ ದ್ವೀಪದ ಮೇಲೆ ಗುಂಡುಗಳನ್ನು ಸುರಿಸಿ ನಾಲ್ವರನ್ನು ಕೊಂದಿತು. ಅದೇ ವರ್ಷ ಮಾರ್ಚ್ 26ರಂದು ‘ಚ್ಯೊನಾನ್’ ಎಂಬ ದಕ್ಷಿಣ ಕೊರಿಯದ ಯುದ್ಧನೌಕೆ ಮುಳುಗಿ 46 ನಾವಿಕರು ಸತ್ತರು. ಅದು ಉತ್ತರ ಕೊರಿಯದ ಟಾರ್ಪೆಡೊವಿನಿಂದ ಆದದ್ದೆಂದು ಹಲವು ರಾಷ್ಟ್ರಗಳ ತಜ್ಞರಿದ್ದ ತನಿಖಾ ತಂಡ ಹೇಳಿತು; ಉತ್ತರ ಕೊರಿಯ ಅಲ್ಲಗಳೆಯಿತು. ಆ ಕೃತ್ಯಕ್ಕೆ ಮುನ್ನ ದಿನ ಗೊತ್ತುಪಡಿಸಿದ ಗರ್ಜನೆ ಯಾವುದೂ ಕೇಳಿಬಂದಿರಲಿಲ್ಲ.

ಆದುದರಿಂದ ‘ಅವರು ಹೇಳಿದ್ದನ್ನು ಮಾಡುವುದಿಲ್ಲ’ ಎಂಬುದು ಸುಳ್ಳು. ‘ಹೇಳಿದ್ದನ್ನೆಲ್ಲ ಮಾಡುತ್ತಾರೆ’ ಎಂಬುದೂ ಸುಳ್ಳು. ನಗರಗಳನ್ನೇ ಸುಡುವ ದೊಡ್ಡ ಮಾತುಗಳು ಈವರೆಗೆ ಮಾತಾಗಿಯೇ ಉಳಿದಿವೆ. ಒಂದು ಪರೀಕ್ಷೆ, ಒಂದು ದ್ವೀಪ, ಒಂದು ಮಧ್ಯಾಹ್ನ ಎಂದು ಚಿಕ್ಕದಾಗಿ ಹೇಳಿದ ಮಾತುಗಳು ಬಹುಮಟ್ಟಿಗೆ ಕೃತಿಯಾಗಿವೆ. ನಮ್ಮ ವಾಹಿನಿಗಳು ಅರಚುವುದು ಮೊದಲನೆಯದಕ್ಕೆ. ಎರಡನೆಯದು ಒಳಪುಟದ ಮೂಲೆಯಲ್ಲಿ ಎರಡು ಸಾಲಾಗಿ ಬರುತ್ತದೆ.

ಇನ್ನು ಕಟ್ಟೆಯ ನೀರಿನ ಮಾತು. 2006ರಿಂದ 2017ರವರೆಗೆ ಆ ದೇಶ ಆರು ಅಣುಪರೀಕ್ಷೆಗಳನ್ನು ನಡೆಸಿತು. 2017ರಲ್ಲಿ ಖಂಡಾಂತರ ಕ್ಷಿಪಣಿಗಳನ್ನು ಹಾರಿಸಿತು. ಅದರ ಬಳಿ ಜೋಡಿಸಿಟ್ಟ ಅಣ್ವಸ್ತ್ರಗಳು ಸುಮಾರು 50 ಇರಬಹುದೆಂದು ಸ್ಟಾಕ್‌ಹೋಮ್‌ನ ಶಾಂತಿ ಸಂಶೋಧನ ಸಂಸ್ಥೆ 2024ರಲ್ಲಿ ಅಂದಾಜು ಮಾಡಿತು. 1990ರ ದಶಕದ ಕ್ಷಾಮದಲ್ಲಿ ಲಕ್ಷಾಂತರ ಪ್ರಜೆಗಳು ಹಸಿದು ಸಾಯುತ್ತಿದ್ದಾಗಲೂ ಈ ಸಾಧನೆಯ ಹಂಬಲ ಬಿಡಲಿಲ್ಲ. ತಾತ ಕಿಮ್ ಇಲ್ ಸುಂಗ್, ತಂದೆ ಕಿಮ್ ಜೊಂಗ್ ಇಲ್, ಮಗ ಕಿಮ್ ಜೊಂಗ್ ಉನ್: ಮೂರು ತಲೆಮಾರು ಒಂದೇ ಗುರಿಯನ್ನು ಹಿಡಿದು ನಡೆದಿದೆ. ಹುಚ್ಚರು ಹೀಗೆ ನಡೆಯಲಾರರು. ಇದು ಅಂಜಿದವರ ಲೆಕ್ಕಾಚಾರ. ಲಿಬಿಯದ ಗಡಾಫಿ 2003ರಲ್ಲಿ ತನ್ನ ಅಣುಯೋಜನೆಯನ್ನು ಬಿಟ್ಟುಕೊಟ್ಟನು. 2011ರಲ್ಲಿ ಬೀದಿಯಲ್ಲಿ ಸತ್ತನು. ಆ ದೃಶ್ಯವನ್ನು ಪ್ಯೊಂಗ್‌ಯಾಂಗ್‌ನ ಅರಮನೆಯವರು ಮರೆತಿರುವರೆಂದು ತಿಳಿಯುವುದು ಮುಗ್ಧತೆ.

ಹಾಗಾದರೆ ನಿಜಕ್ಕೂ ಅಂಜಬೇಕಾದದ್ದು ಯಾವುದಕ್ಕೆ? 2022ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಶಾಸನಸಭೆ ಒಪ್ಪಿದ ಕಾಯಿದೆಗೆ. ಶತ್ರುವಿನ ದಾಳಿ ಸನ್ನಿಹಿತವೆಂದು ತೋರಿದರೆ ಸಾಕು, ತಾವೇ ಮೊದಲು ಅಣ್ವಸ್ತ್ರವನ್ನು ಪ್ರಯೋಗಿಸಬಹುದೆಂದು ಅದು ಹೇಳುತ್ತದೆ. ನಾಯಕನ ಆಜ್ಞಾವ್ಯವಸ್ಥೆಗೆ ಅಪಾಯ ಒದಗಿದರೆ ಪ್ರತಿದಾಳಿ ತಾನೇ ತಾನಾಗಿ ನಡೆಯುವುದೆಂದೂ ಹೇಳುತ್ತದೆ. ಮರುವರ್ಷ ಅಣ್ವಸ್ತ್ರ ನೀತಿಯನ್ನು ಸಂವಿಧಾನಕ್ಕೇ ಸೇರಿಸಿದರು. 2023ರ ಏಪ್ರಿಲ್‌ನಲ್ಲಿ, ದಕ್ಷಿಣದವರು ದಿನಕ್ಕೆರಡು ಬಾರಿ ಮಾಡುತ್ತಿದ್ದ ಸಂಪರ್ಕ ದೂರವಾಣಿ ಕರೆಗೆ ಉತ್ತರಿಸುವುದನ್ನು ನಿಲ್ಲಿಸಿದರು. ಈ ಸುದ್ದಿಗೆ ನಮ್ಮ ಊರಿನಲ್ಲಿ ಯಾರೂ ನಗಲೂ ಇಲ್ಲ, ನಡುಗಲೂ ಇಲ್ಲ. ಏಕೆಂದರೆ ಯಾರೂ ಓದಲಿಲ್ಲ.

ಇಲ್ಲಿ ಶ್ರಾವಕರಾದ ನಾವು ನಮ್ಮ ಶಾಸ್ತ್ರದ ವಿವೇಕವನ್ನು ಬಳಸಬೇಕು. ಗೃಹಸ್ಥನ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ವಿಂಗಡಿಸಿ, ತನ್ನವರ ರಕ್ಷಣೆಗೆ ಅನಿವಾರ್ಯವಾಗಿ ಒದಗುವ ವಿರೋಧೀ ಹಿಂಸೆಗೂ ಒಂದಿಷ್ಟು ಎಡೆ ಕೊಟ್ಟಿರುವುದು ಎಲ್ಲರಿಗೂ ತಿಳಿದಿದೆ. ಉತ್ತರ ಕೊರಿಯವೂ ತನ್ನದು ಆತ್ಮರಕ್ಷಣೆಯೆಂದೇ ಹೇಳಿಕೊಳ್ಳುತ್ತದೆ. ಎದುರಾಳಿ ಕೈ ಎತ್ತುವನೇನೋ ಎಂಬ ಊಹೆಯ ಮೇಲೆ ಒಂದು ನಗರದ ಸಮಸ್ತ ಜೀವಿಗಳನ್ನು ದಹಿಸುವುದಾಗಿ ಮೊದಲೇ ಬರೆದಿಟ್ಟುಕೊಳ್ಳುವುದು ವಿರೋಧೀ ಹಿಂಸೆಯಲ್ಲ, ಶುದ್ಧ ಸಂಕಲ್ಪೀ ಹಿಂಸೆ. ‘ಬರೀ ಮಾತು ತಾನೆ’ ಎನ್ನುವವರಿಗೂ ಇದೇ ಉತ್ತರ. ಭಾವಹಿಂಸೆಯನ್ನು ಹಿಂಸೆಯೆಂದು ಎಣಿಸುವ ಪರಂಪರೆಯವರು ‘ಬರೀ ಮಾತು’ ಎನ್ನಲು ಹೇಗೆ ಸಾಧ್ಯ? ಒಂದು ಮಾತನ್ನು ಇಲ್ಲಿ ಮುಚ್ಚಿಡಲಾಗದು. ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣನವರು ಮುಂದಾಳಾಗಿ 1974ರಲ್ಲಿ ಪೋಖರಣದಲ್ಲಿ ನಡೆಸಿದ ಸ್ಫೋಟಕ್ಕೆ ನಾವೆಲ್ಲ ಹೆಮ್ಮೆಪಟ್ಟವರೇ. ತಾನು ಮೊದಲು ಪ್ರಯೋಗಿಸುವುದಿಲ್ಲವೆಂದು ಭಾರತ ಘೋಷಿಸಿರುವುದು ದೊಡ್ಡ ಅಂತರ. ಆ ಅಂತರ ಉಳಿಯಬೇಕೆಂದು ಗಟ್ಟಿಯಾಗಿ ಹೇಳುವ ಹೊಣೆ ನಮ್ಮದು. ಆದರೂ ನಗರ ಸುಡುವ ಅಸ್ತ್ರ ಯಾರ ಕೈಯಲ್ಲಿದ್ದರೂ ಅದಕ್ಕೆ ವ್ರತಿಕನ ಸಮರ್ಥನೆ ದೊರಕದು.

ಭರತ ಬಾಹುಬಲಿಗಳ ಕಥೆಯನ್ನು ನಾವು ಬಾಹುಬಲಿಯ ಕಡೆಯಿಂದಲೇ ಕೇಳುತ್ತ ಬಂದಿದ್ದೇವೆ. ಒಮ್ಮೆ ಭರತನ ಕಡೆಯಿಂದ ನೋಡಿರಿ. ಷಟ್ಖಂಡಗಳನ್ನು ಗೆದ್ದು ಬಂದವನು ಚಕ್ರರತ್ನವನ್ನು ತಮ್ಮನ ಮೇಲೆ ಎಸೆದದ್ದು ಯಾವಾಗ? ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲಿಯೂ ಸೋತು, ನೆರೆದ ರಾಜರ ಎದುರು ಮುಖವೆತ್ತಲಾಗದೆ ನಿಂತಾಗ. ಗೆಲ್ಲುವ ಭರವಸೆ ಇದ್ದಷ್ಟು ಹೊತ್ತು ಚಕ್ರ ಅವನ ಕೈಗೆ ಬರಲಿಲ್ಲ. ಅಣ್ವಸ್ತ್ರದ ವಿಷಯವೂ ಹೀಗೆಯೇ ಎಂಬುದು ನನ್ನ ವಾದ. ಆ ಸರ್ವಾಧಿಕಾರಿ ಬೊಬ್ಬೆ ಹೊಡೆಯುತ್ತಿರುವಾಗ ಅಪಾಯ ಕಡಿಮೆ. ಇನ್ನು ಉಳಿವಿಲ್ಲವೆಂದು ಅವನಿಗೆ ತೋರುವ ದಿನ ಅಪಾಯ ಹೆಚ್ಚು. ಅವಮಾನಿಸಿ ಮೂಲೆಗೊತ್ತುವುದೇ ಜಾಣತನವೆಂದು ತಿಳಿದವರು, ಅಮೆರಿಕದ ಅಧ್ಯಕ್ಷರೇ ಇರಲಿ, ನಮ್ಮ ಹಜಾರದ ವಿನೋದಪ್ರಿಯರೇ ಇರಲಿ, ಆ ದಿನವನ್ನೇ ಹತ್ತಿರಕ್ಕೆ ಎಳೆಯುತ್ತಾರೆ. ಮತ್ತು ಚಕ್ರರತ್ನ ಬಾಹುಬಲಿಯನ್ನು ಬಲಗೊಂಡು ನಿಂತಿತು. ಬಾಂಬಿಗೆ ಆ ಜ್ಞಾನವಿಲ್ಲ.

‘ಇಷ್ಟು ದೂರದ ಜಗಳ ನಮಗೇಕೆ’ ಎನ್ನುವವರಿಗೆ 1999ರ ಜೂನ್ ತಿಂಗಳನ್ನು ನೆನಪಿಸುತ್ತೇನೆ. ಕಾರ್ಗಿಲ್‌ನಲ್ಲಿ ನಮ್ಮ ಯೋಧರು ಹೋರಾಡುತ್ತಿದ್ದಾಗ ಗುಜರಾತಿನ ಕಾಂಡ್ಲಾ ಬಂದರಿಗೆ ಸಕ್ಕರೆ ಇಳಿಸಲು ಬಂದ ‘ಕು ವೊಲ್ ಸಾನ್’ ಎಂಬ ಉತ್ತರ ಕೊರಿಯದ ಹಡಗನ್ನು ತಪಾಸಣೆ ಮಾಡಲಾಯಿತು. ನೀರು ಶುದ್ಧಿಯ ಯಂತ್ರಗಳೆಂದು ಬರೆಸಿದ್ದ ಪೆಟ್ಟಿಗೆಗಳಲ್ಲಿ ಕ್ಷಿಪಣಿ ತಯಾರಿಕೆಯ ಭಾಗಗಳೂ ಯಂತ್ರಗಳೂ ಇದ್ದವು. ಪಾಕಿಸ್ತಾನದ ಘೋರಿ ಕ್ಷಿಪಣಿಯ ಮೂಲ ಉತ್ತರ ಕೊರಿಯದ ನೊದೊಂಗ್. ಯುರೇನಿಯಮ್ ಸಂವರ್ಧನೆಯ ಯಂತ್ರಗಳು ಪಾಕಿಸ್ತಾನದ ಎ. ಕ್ಯೂ. ಖಾನರ ಕಡೆಯಿಂದ ಆ ದೇಶಕ್ಕೆ ಹೋದುದನ್ನು ಸ್ವತಃ ಮುಷರಫ್ 2006ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಯಲ್ಲಿ ಒಪ್ಪಿದ್ದಾರೆ. ಜಗತ್ತು ಹೊರಗಿಟ್ಟ ದೇಶಕ್ಕೂ ಗಿರಾಕಿಗಳು ಇದ್ದೇ ಇರುತ್ತಾರೆ. 2024ರಲ್ಲಿ ರಷ್ಯದೊಡನೆ ಒಪ್ಪಂದ ಮಾಡಿಕೊಂಡು ಅದರ ಯುದ್ಧಕ್ಕೆ ಸೈನಿಕರನ್ನು ಕಳುಹಿಸಿದ ಮೇಲಂತೂ ‘ಒಂಟಿ ದೇಶ’ ಎಂಬ ಮಾತೇ ಸಡಿಲವಾಗಿದೆ.

ಬೆದರಿಕೆಯ ಎದುರು ಹೇಗೆ ನಡೆದುಕೊಳ್ಳಬೇಕೆಂಬುದಕ್ಕೆ ಉದಾಹರಣೆಯನ್ನು ನಾವು ದೂರ ಹುಡುಕಬೇಕಾಗಿಲ್ಲ. ಕಾವೇರಿ ಹುಟ್ಟುವ ಕೊಡಗಿನಲ್ಲಿ ಜನಿಸಿದ ಜನರಲ್ ಕೆ. ಎಸ್. ತಿಮ್ಮಯ್ಯನವರು 1953ರಲ್ಲಿ ಅದೇ ಕೊರಿಯಕ್ಕೆ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾಗಿ ಹೋದರು. ಸ್ವದೇಶಕ್ಕೆ ಮರಳಲೊಪ್ಪದ ಇಪ್ಪತ್ತೆರಡು ಸಾವಿರಕ್ಕೂ ಮಿಕ್ಕಿದ ಚೀನೀ, ಉತ್ತರ ಕೊರಿಯದ ಯುದ್ಧಕೈದಿಗಳು ಭಾರತೀಯ ಪಡೆಯ ವಶಕ್ಕೆ ಬಂದರು. ಅಂದು ಭಾರತೀಯರಿಗೆ ಬೆದರಿಕೆ ಬಂದದ್ದು ದಕ್ಷಿಣದಿಂದ. ಒಬ್ಬ ಭಾರತೀಯ ಸೈನಿಕನೂ ತನ್ನ ನೆಲಕ್ಕೆ ಕಾಲಿಡಕೂಡದೆಂದು ಅಧ್ಯಕ್ಷ ಸಿಂಗ್‌ಮನ್ ರೀ ಕಟ್ಟಪ್ಪಣೆ ಮಾಡಿದ್ದನು. ಆತ ಬರೀ ಬಾಯಿಮಾತಿನವನಲ್ಲ. ಅದೇ ಜೂನ್ ತಿಂಗಳಲ್ಲಿ ಯಾರನ್ನೂ ಕೇಳದೆ ಸುಮಾರು 27,000 ಕೈದಿಗಳನ್ನು ಶಿಬಿರಗಳಿಂದ ಹೊರಬಿಟ್ಟು ಕದನವಿರಾಮವನ್ನೇ ಅಲುಗಿಸಿದ್ದನು. ಆದ್ದರಿಂದ ಆ ಮಾತನ್ನು ಯಾರೂ ನಕ್ಕು ತಳ್ಳಲಿಲ್ಲ. ಹೆದರಿ ಹಿಂದಿರುಗಲೂ ಇಲ್ಲ. ನಮ್ಮ ಸೈನಿಕರನ್ನು ಇಂಚಾನ್ ಬಂದರಿನ ಹಡಗುಗಳಿಂದಲೇ ಹೆಲಿಕಾಪ್ಟರ್‌ಗಳಲ್ಲಿ ಎತ್ತಿ ಸೇನಾರಹಿತ ವಲಯದಲ್ಲಿ ಇಳಿಸಲಾಯಿತು. ತಿಂಗಳುಗಟ್ಟಲೆ ಎರಡೂ ಕಡೆಯ ಬೈಗುಳ ತಿಂದು, 1954ರ ಆರಂಭದಲ್ಲಿ ಕೆಲಸ ಮುಗಿಸಿ ಅವರು ಹಿಂದಿರುಗಿದರು. ಅಹಿಂಸೆಯ ಉಪನ್ಯಾಸಗಳಲ್ಲಿ ಈ ಪ್ರಸಂಗ ಬಂದುದನ್ನು ನಾನು ಕೇಳಿಲ್ಲ.

ಕೇಳಿರುವುದು ಮತ್ತೊಂದನ್ನು. ‘ಅಣುಬಾಂಬಿಗೆ ಅಣುವ್ರತವೇ ಉತ್ತರ’ ಎಂಬ ಪ್ರಾಸ ಪ್ರತಿ ಮಹಾವೀರ ಜಯಂತಿಯ ವೇದಿಕೆಯಲ್ಲಿ ಮೊಳಗುತ್ತದೆ, ಚಪ್ಪಾಳೆಯಾಗುತ್ತದೆ, ಭಾಷಣಕಾರರು ಕುಳಿತುಕೊಳ್ಳುತ್ತಾರೆ. ಯಾವ ಬಾಂಬು, ಯಾರ ಕೈಯಲ್ಲಿ, ಯಾವ ಕಾಯಿದೆಯ ಅಡಿಯಲ್ಲಿ ಎಂದು ಕೇಳುವವರಿಲ್ಲ. ಅದೇ ಸಭೆಯಿಂದ ಎದ್ದು ಹೋದವರು ಮನೆಯಲ್ಲಿ ಮೊಬೈಲ್ ತೆರೆದು, ಮೂಲವಿಲ್ಲದ ಯುದ್ಧವಾರ್ತೆಯನ್ನು ಇಪ್ಪತ್ತು ಜನರಿಗೆ ದಾಟಿಸುತ್ತಾರೆ. 2018ರ ಜನವರಿ 13ರಂದು ಹವಾಯಿಯಲ್ಲಿ ಕ್ಷಿಪಣಿ ಬರುತ್ತಿದೆಯೆಂಬ ಸುಳ್ಳು ಎಚ್ಚರಿಕೆ ಎಲ್ಲರ ಮೊಬೈಲಿಗೂ ಹೋಯಿತು. ತಪ್ಪೆಂದು ತಿಳಿಸಲು 38 ನಿಮಿಷಗಳು ಬೇಕಾದವು. ಅಲ್ಲಿಯ ತಾಯಂದಿರು ಆ ನಿಮಿಷಗಳನ್ನು ಹೇಗೆ ಕಳೆದಿರಬೇಕೆಂದು ಯೋಚಿಸಿದರೆ, ಭಯವನ್ನು ಹಂಚುವುದು ಎಂಥ ಹಿಂಸೆಯೆಂಬುದು ತಿಳಿದೀತು.

ಬಸದಿಗಳ ಟ್ರಸ್ಟ್‌ಗಳಲ್ಲಿ ನನ್ನ ಬಿನ್ನಹ ಇಷ್ಟೆ. ಬರುವ ದಶಲಕ್ಷಣ ಪರ್ವದ ಹತ್ತು ಸಂಜೆಗಳಲ್ಲಿ ಒಂದನ್ನು ಈ ವಿಷಯಕ್ಕೆ ಮೀಸಲಿಡಿರಿ. ಮಂಡ್ಯದ ಯಾವುದಾದರೂ ಕಾಲೇಜಿನ ಭೌತವಿಜ್ಞಾನದ ಅಧ್ಯಾಪಕರೊಬ್ಬರನ್ನು, ಇತಿಹಾಸ ಬಲ್ಲವರೊಬ್ಬರನ್ನು ಕರೆಸಿರಿ. ಯುರೇನಿಯಮ್ ಸಂವರ್ಧಿಸುವ ಯಂತ್ರ ಪುರಾಣದ ವಸ್ತುವಲ್ಲ. ನಮ್ಮ ನೆರೆಯ ಮೈಸೂರಿನ ಬಳಿ ರತ್ನಹಳ್ಳಿಯಲ್ಲಿಯೂ ಅದು ತಿರುಗುತ್ತಿದೆ. ಹಾರ ತುರಾಯಿಗಳ ವೆಚ್ಚವನ್ನು ಆ ಒಂದು ಸಂಜೆಯ ಮಟ್ಟಿಗೆ ಕಡಿಮೆ ಮಾಡಿ, ಪ್ರಶ್ನೆ ಕೇಳಲು ಮಕ್ಕಳನ್ನು ಮುಂದಿನ ಸಾಲಿನಲ್ಲಿ ಕೂರಿಸಿರಿ.